ಕಾಯಿಲೆ ಮೊದಲೋ, ಬಾಟಲಿ ಮೊದಲೋ?
ತಾಯಿಹಾಲು ಕುಡಿದ ಮಕ್ಕಳಿಗಿಂತ ಬಾಟಲಿ ಹಾಲು ಕುಡಿದ ಮಕ್ಕಳು ಮೊದಲ ತಿಂಗಳಲ್ಲಿ ಜಾಸ್ತಿ ಸಾಯುತ್ತಾರೆ, ಆದ್ದರಿಂದ ಶಿಶುಗಳಿಗೆ ಕೊಡುವ ಡಬ್ಬಿಯ ಪುಡಿ ಹಾಲೇ ಕಾರಣ ಎನ್ನುತ್ತದೆ ನಾನು ಓದಿದ ಒಂದು ಲೇಖನ. ಅಷ್ಟು ಸಲೀಸಾಗಿ ಹೇಳಲಾಗದು. ಅವಧಿಗೆ ಮುಂಚೆ ಹುಟ್ಟಿದ, ತೂಕ ಕಡಿಮೆಯಿರುವ, ಸೋಂಕು ತಗುಲಿದ ಎಷ್ಟೋ ಕೂಸುಗಳಿಗೆ ಮೊಲೆ ಚೀಪುವ ಶಕ್ತಿಯೇ ಇರುವುದಿಲ್ಲ. ಆಗಲೇ ಬಾಟಲಿ ಬರುವುದು. ಕಾಯಿಲೆ ಮೊದಲು, ಬಾಟಲಿ ಆಮೇಲೆ, ಅಲ್ವಾ?

ಹಾಗಂತ ಪುಡಿ ಹಾಲಿಗೆ ಪೂರ್ತಿ ಕ್ಲೀನ್ ಚಿಟ್ ಕೊಡುತ್ತಿಲ್ಲ. ಡಬ್ಬಿಯ ಪುಡಿ ಕ್ರಿಮಿರಹಿತವಲ್ಲ. ಕನಿಷ್ಠ 70 ಡಿಗ್ರಿ ಸೆಲ್ಸಿಯಸ್ ಬಿಸಿ ನೀರಲ್ಲಿ ಬೆರೆಸಿ, ಆರಿಸಿ ಕುಡಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಸುಮ್ನೆ ಹೇಳುವುದಿಲ್ಲ. ನೀರು ಕೊಳಕಾಗಿದ್ದರಂತೂ ಭೇದಿಯ ಅಪಾಯ ಇನ್ನೂ ಜಾಸ್ತಿ. ತಾಯಿಹಾಲಿನಲ್ಲಿ ಸಿಗುವ ರೋಗನಿರೋಧಕ ಅಂಶಗಳೂ ಪುಡಿ ಹಾಲನ್ನಷ್ಟೇ ಕುಡಿಯುವ ಮಗುವಿಗೆ ಸಿಗುವುದಿಲ್ಲ. ಆದರೆ ಮಕ್ಕಳ ಹುಟ್ಟುತೂಕ ಹೇಳದೆ ತಾಯಿಹಾಲಿನ, ಬಾಟಲಿ ಹಾಲಿನ ಎರಡು ಗುಂಪುಗಳನ್ನು ಹೋಲಿಸಿದರೆ ನಾನಂತೂ ನಂಬುವುದಿಲ್ಲ.