ಬಾವಲಿ ಎಣಿಸಿ ಏನ್ ಮಾಡ್ತೀರವಾ?

ಆ ವಿಡಿಯೋ ನಿಮ್ಮ ಗ್ರೂಪಿಗೂ ಬಂದಿರುತ್ತದೆ. ನಾಲ್ಕು ಹುಡುಗರು, ಎರಡು ಬೈಕು, ಒಂದು ಗವಿ. ಒಬ್ಬ ಒಣಹುಲ್ಲಿಗೆ ಬೆಂಕಿ ಹಚ್ಚಿ ಒಳಗೆ ಎಸೆಯುತ್ತಾನೆ. ಹೊಗೆಯ ಜೊತೆ ಬಾವಲಿಗಳು ಬುಸ್ಸೆಂದು ಹೊರಬೀಳುತ್ತವೆ. ಹಿಂದೆ ಡಿಜೆ ಹಾಡು. ಕೆಳಗೆ ಒಬ್ಬ ಮಹನೀಯರ ಕಾಮೆಂಟು: 'ಸೂಪರ್ ಬ್ರೋ, ಲೊಕೇಶನ್ ಕಳಸು.'

ಹುಡುಗರನ್ನಾದರೂ ಬೈಯಬಹುದು. ಮರುದಿನ ಚಾದಂಗಡಿಯಲ್ಲಿ ಹಿರಿಯರು ಶುರುಮಾಡಿದರಲ್ಲ, ಅದಕ್ಕೇನು ಮಾಡುವುದು? 'ಇಂಥಾ ಜಾಗಾ ನಮ್ಮ ಕಡೆ ಐತಿ ಅಂದ್ರ ಅಭಿವೃದ್ಧಿ ಆಗ್ಬೇಕ್ರೀ.' ಅಭಿವೃದ್ಧಿ ಅಂದರೆ ಗೊತ್ತಲ್ಲ: ಮೆಟ್ಟಿಲು, ಸ್ಟೀಲ್ ರೇಲಿಂಗು, ಕೆಂಪು-ಹಸಿರು ಲೈಟು, ಗವಿಯ ಬಾಯಲ್ಲೊಂದು ಗಿರಮಿಟ್ ಗಾಡಿ. ಕತ್ತಲ ಗವಿಗೆ ಲೈಟು ಹಾಕಿದರೆ ಗೋಡೆಗೆ ಪಾಚಿ ಹತ್ತುತ್ತದೆ. ಫ್ರಾನ್ಸಿನ ಲಾಸ್ಕೋ ಗವಿಯ ಆದಿಮಾನವರ ಚಿತ್ರಗಳು ನೋಡಲು ಬಂದವರ ಉಸಿರಿಗೇ ಕೆಡತೊಡಗಿ, 1963ರಲ್ಲಿ ಅದನ್ನು ಜನರಿಗೆ ಮುಚ್ಚಿಬಿಟ್ಟರು. ಅದು ಬರೀ ಉಸಿರು. ಗಿರಮಿಟ್ಟಿನ ಹಸಿ ಉಳ್ಳಾಗಡ್ಡಿ ತಿಂದ ಉಸಿರಿನ ಬಗ್ಗೆ ಯಾರೂ ಇನ್ನೂ ಸಂಶೋಧನೆ ಮಾಡಿದಂತಿಲ್ಲ.

ಸಂಶೋಧನೆ ಅಂದಾಗ ನೆನಪಾಯಿತು. ನಮ್ಮಣ್ಣನ ಮಗಳು ಬಾವಲಿ ಎಣಿಸಬೇಕೆಂದು ಒಂದು ಕಚೇರಿಗೆ ಅರ್ಜಿ ಹಾಕಿ ಎಂಟು ತಿಂಗಳಾಯಿತು. ರೀಲ್ಸ್ ಹುಡುಗರಿಗೆ ಒಂದು ಲೀಟರ್ ಪೆಟ್ರೋಲು ಸಾಕಾಯಿತು. ಇವಳಿಗೆ ಮೂರು ಪ್ರತಿ, ಎರಡು ಫೋಟೊ, ಗೈಡ್ ಸಹಿ. ಅಲ್ಲಿನ ಗುಮಾಸ್ತರು ಕನ್ನಡಕ ಹಣೆಗೇರಿಸಿ ಕೇಳಿದರಂತೆ: 'ಬಾವಲಿ ಎಣಿಸಿ ಏನ್ ಮಾಡ್ತೀರವಾ?'

ಪ್ರಶ್ನೆ ಸಣ್ಣದಲ್ಲ. 1912ರಲ್ಲಿ ಖಾನಾಪುರ ತಾಲ್ಲೂಕಿನ ಬಾರಾಪೇಡೆ ಗವಿಯಲ್ಲಿ ಒಂದು ಬಾವಲಿ ಸಿಕ್ಕಿತು. ದೊಡ್ಡ ಕಿವಿ, ಚಾಕಲೇಟು ಬಣ್ಣದ ತುಪ್ಪಳ. ಮರುವರ್ಷ ಲಂಡನ್ನಿನಲ್ಲಿ ಕೂತು ಪ್ರಾಣಿಶಾಸ್ತ್ರಜ್ಞ ಓಲ್ಡ್‌ಫೀಲ್ಡ್ ಥಾಮಸ್ ಅದಕ್ಕೆ ರಾಟನ್ ಎಂಬ ಅರಣ್ಯಾಧಿಕಾರಿಯ ಹೆಸರಿಟ್ಟರು. ಮೇಘಾಲಯದಲ್ಲೂ ಕಾಂಬೋಡಿಯಾದಲ್ಲೂ ಸಿಗುವವರೆಗೆ, ದಶಕಗಟ್ಟಲೆ, ಇಡೀ ಭೂಮಿಯ ಮೇಲೆ ಅದರ ವಿಳಾಸ ಅಂತ ಗೊತ್ತಿದ್ದದ್ದು ಈ ಗವಿ ಒಂದೇ. ಬೆಳಗಾವಿಗೆ ಕುಂದಾದ ಜೊತೆ ಇನ್ನೊಂದು ಹೆಮ್ಮೆ ಇದೆ ಅಂತ ಯಾರಿಗೆ ಗೊತ್ತು? ಆ ಗವಿ ಇರುವ ಭೀಮಗಡ ಕಾಡು 2011ರಲ್ಲಿ ಅಭಯಾರಣ್ಯವಾಯಿತು. ಆದರೆ ಅಳಿವಿನಂಚಿನ ಜೀವಿಗಳ ಜಾಗತಿಕ ಕೆಂಪುಪಟ್ಟಿಯಲ್ಲಿ ಈ ಬಾವಲಿಯ ಮುಂದೆ ಬರೆದಿರುವುದು ಇಷ್ಟೇ: ಮಾಹಿತಿ ಸಾಲದು. ನೂರು ವರ್ಷ ದಾಟಿದರೂ ಸಾಲದು. ಸಾಲಬೇಕಾದರೆ ಯಾರಾದರೂ ಎಣಿಸಬೇಕು. ಎಣಿಸಿ ಏನ್ ಮಾಡ್ತೀರವಾ?

ನಮ್ಮ ವನ್ಯಜೀವಿ ಕಾಯ್ದೆಯದು ಇನ್ನೂ ಮಜಾ. 2022ರ ತಿದ್ದುಪಡಿವರೆಗೆ ಈ ಬಾವಲಿ ಮೊದಲನೇ ಪಟ್ಟಿಯಲ್ಲಿ ಹುಲಿಯ ಪಂಕ್ತಿಗೆ ಕೂತಿತ್ತು. ಅದರ ದಾಯಾದಿ ಹಣ್ಣು ತಿನ್ನುವ ಬಾವಲಿಗಳು ಪೀಡಕ ಪ್ರಾಣಿಗಳ ಪಟ್ಟಿಯಲ್ಲಿ ಕಾಗೆ, ಇಲಿ, ಹೆಗ್ಗಣಗಳ ಜೊತೆ ಇದ್ದವು. ಒಂದೇ ಮನೆತನ, ಒಬ್ಬನಿಗೆ ಝಡ್ ಪ್ಲಸ್ ಭದ್ರತೆ, ಇನ್ನೊಬ್ಬನಿಗೆ ಗಡಿಪಾರು.

ಹೋಗಲಿ, ಗವಿ ಹೇಗಾಗುತ್ತದೆ ಅಂತ ತಿಳಿಯಲು ನಾನು ಖಾನಾಪುರಕ್ಕೇನೂ ಹೋಗಬೇಕಿಲ್ಲ. ಬಾಗಲಕೋಟೆಯ ನಮ್ಮ ಬಚ್ಚಲಮನೆಯಲ್ಲೇ ಒಂದಿದೆ. ಮೊನ್ನೆ ಗೀಸರ್ ರಿಪೇರಿಯವನು ಕಾಯಿಲ್ ಹೊರಗೆಳೆದರೆ ಬೆರಳುದಪ್ಪ ಬಿಳಿ ಹಕ್ಕಳೆ. ಸ್ಕ್ರೂಡ್ರೈವರಿನಿಂದ ಕುಟ್ಟಿದ, ಚಕ್ಕೆಚಕ್ಕೆ ಉದುರಿತು. 'ಸುಣ್ಣಾರೀ ಸರ, ಬೋರಿನ ನೀರು.' ಗವಿಯ ಲೆಕ್ಕವೂ ಇದೇ. ಮಳೆನೀರು ಮಣ್ಣಿನಲ್ಲಿಳಿಯುವಾಗ ಇಂಗಾಲದ ಡೈ ಆಕ್ಸೈಡ್ ಹೀರಿ ತುಸು ಹುಳಿಯಾಗುತ್ತದೆ, ಸುಣ್ಣದ ಕಲ್ಲನ್ನು ಕರಗಿಸಿ ಟೊಳ್ಳು ಮಾಡುತ್ತದೆ. ಆ ಟೊಳ್ಳಿನೊಳಗೆ ಹನಿಹನಿಯಾಗಿ ತೊಟ್ಟಿಕ್ಕುವಾಗ ಹೀರಿದ್ದ ಆ ಅನಿಲ ಬಿಟ್ಟುಕೊಟ್ಟು ಸುಣ್ಣ ಇಟ್ಟುಹೋಗುತ್ತದೆ. ಆ ಸುಣ್ಣವೇ ನೆಲದಿಂದ ಮೊಳಕೆಯಂತೆ ಮೇಲೇಳುತ್ತದೆ, ಬೆರಳುದ್ದ ಬೆಳೆಯಲು ನೂರಾರು ವರ್ಷ. ನಮ್ಮ ಕಡೆ ಸುಣ್ಣದ ಕಲ್ಲು ಅಂದರೆ ಮೊದಲು ನೆನಪಾಗುವುದು ಸಿಮೆಂಟು, ಆಮೇಲೆ ಎಲೆ ಅಡಿಕೆ.

ಮೇಘಾಲಯದ ಮಾಮ್ಲುಹ್ ಗವಿಯ ಅಂಥದೊಂದು ಸುಣ್ಣದ ಮೊಳಕೆಯ ಪದರ ಓದಿ, 4,200 ವರ್ಷದ ಹಿಂದೆ ಮಳೆ ಕೈಕೊಟ್ಟಿತ್ತು ಅಂತ ಹೇಳಿದರು. 2018ರಲ್ಲಿ ಭೂಮಿಯ ಇತಿಹಾಸದ ಇತ್ತೀಚಿನ ಅಧ್ಯಾಯಕ್ಕೇ ಮೇಘಾಲಯನ್ ಎಂದು ಹೆಸರಾಯಿತು. ವಿಜಯಪುರಕ್ಕೆ ಬರುವ ಬರ ಅಧ್ಯಯನ ತಂಡ ನೋಡಿದ್ದೀರಲ್ಲ? ಮುಂಗಾರಿನ ಬರ ನೋಡಲು ಹಿಂಗಾರಿ ಮಳೆಯಲ್ಲಿ ಬಂದು, ಕಾರಿನ ಕಿಟಕಿ ಇಳಿಸಿ, ಹಸಿರು ಜೋಳ ನೋಡಿ ಹೋಗುವವರು. ಅವರ ಬದಲು ಒಂದು ಕಲ್ಲು ಕೂರಿಸಿದರೆ ಟಿಎ-ಡಿಎ ಆದರೂ ಉಳಿದೀತು.

ಗವಿಯೊಳಗೆ ಬಿಸಿಲಿಲ್ಲ, ಹಸಿರಿಲ್ಲ. ಬಾವಲಿ ರಾತ್ರಿಯೆಲ್ಲ ಹೊರಗೆ ತಿಂದು ಬಂದು ಹಾಕುವ ಹಿಕ್ಕೆಯೇ ಅಲ್ಲಿನ ಅನ್ನಭಾಗ್ಯ. ಜಿರಳೆ, ದುಂಬಿ ಅದನ್ನು ತಿನ್ನುತ್ತವೆ, ಅವನ್ನು ಜೇಡ ತಿನ್ನುತ್ತದೆ. ಹೆಬ್ಬೆಟ್ಟೂ ಇಲ್ಲ, ಸರ್ವರ್ ಡೌನೂ ಇಲ್ಲ. ಬಾವಲಿ ಹೋದರೆ ಆ ಊರೇ ಉಪವಾಸ.

ಇಷ್ಟು ಹೊತ್ತು ನಗುತ್ತಾ ಬರೆದೆ. ಆ ವಿಡಿಯೋವನ್ನು ಇನ್ನೊಮ್ಮೆ, ಸದ್ದು ಬಂದ್ ಮಾಡಿ ನೋಡಿದೆ. ಬಹುಪಾಲು ಬಾವಲಿಗಳು ಹೆರುವುದು ವರ್ಷಕ್ಕೆ ಒಂದೇ ಮರಿ. ಹೊಗೆಗೆ ದಿಕ್ಕೆಟ್ಟು ತಾಯಿ ಹಾರಿದರೆ ಮರಿ ನೆಲಕ್ಕೆ ಬೀಳುತ್ತದೆ, ಅಲ್ಲೇ ಸಾಯುತ್ತದೆ. ಹದಿನೈದು ಸೆಕೆಂಡಿನ ರೀಲಿಗೆ. ಇದರಲ್ಲಿ ನಗೆ ಹುಡುಕಿ ಹುಡುಕಿ ನನಗೂ ಸಾಕಾಗಿದೆ.

ನಿನ್ನೆ ಅಣ್ಣನ ಮಗಳ ಫೋನು. 'ಕಾಕಾ, ಉತ್ತರ ಬಂತು.' ಪರವಾನಗಿ ಸಿಕ್ಕಿತೇನವಾ ಅಂದೆ. ಅರ್ಜಿಯನ್ನೇ ವಾಪಸ್ ಕಳಿಸಿದ್ದರು. ಮೇಲೆ ಕೆಂಪು ಶಾಯಿಯಲ್ಲಿ ಆಕ್ಷೇಪಣೆ: 'ಎಣಿಸಲು ಉದ್ದೇಶಿಸಿರುವ ಬಾವಲಿಗಳ ಒಟ್ಟು ಸಂಖ್ಯೆಯನ್ನು ನಮೂದಿಸಿರುವುದಿಲ್ಲ.'