ಬಂತು ಬಂತು ಎಂದರೆ ಬಂದದ್ದು ಅಂಗಿಯ ತೋಳು

ರಾತ್ರಿ ಹನ್ನೊಂದಕ್ಕೆ ಲ್ಯಾಬಿನ ಕತ್ತಲೆ ಕೋಣೆಯಲ್ಲಿ "ಬಂತು!" ಎಂದು ಕೂಗಿಬಿಟ್ಟೆ. ಕೇಳುವವರು ಯಾರೂ ಇರಲಿಲ್ಲ, ಅದೊಂದು ಪುಣ್ಯ.

ನಾನು ಕಾಯುತ್ತಿದ್ದದ್ದು ಫುಲರೀನ್ ಸಿ-70ರ ಬೆಳಕಿಗೆ. ಎಪ್ಪತ್ತು ಕಾರ್ಬನ್ ಪರಮಾಣುಗಳು ಸೇರಿ ಕಟ್ಟಿದ, ರಗ್ಬಿ ಚೆಂಡಿನಂಥ ಅಣು. ಮರ್ಯಾದಸ್ಥ ಅಣುಗಳು ಬೆಳಕು ನುಂಗಿ, ಜೋಡಿ ಎಲೆಕ್ಟ್ರಾನ್‌ಗಳ ಸ್ಪಿನ್ ಎದುರುಬದುರಾಗಿರುವ ಸಿಂಗ್ಲೆಟ್ ಎಂಬ ಮೇಲಿನ ಸ್ಥಿತಿಗೆ ಹತ್ತಿ, ಕೆಲವೇ ನ್ಯಾನೊಸೆಕೆಂಡಿನಲ್ಲಿ ಹೊಳೆದು ಇಳಿಯುತ್ತವೆ. ಇದರದ್ದು ಬೇರೆಯೇ ವರಸೆ. ಹೆಚ್ಚುಕಮ್ಮಿ ಎಲ್ಲವೂ ತುಸು ಕೆಳಗಿನ ಟ್ರಿಪ್ಲೆಟ್ಟಿಗೆ (ಅಲ್ಲಿ ಆ ಜೋಡಿಯ ಸ್ಪಿನ್ ಒಂದೇ ದಿಕ್ಕಿಗೆ, ಬೇಗ ಇಳಿಯಲಾಗದು) ಜಾರಿ ಮಿಲಿಸೆಕೆಂಡುಗಟ್ಟಲೆ ಠಿಕಾಣಿ ಹೂಡುತ್ತವೆ. ನಡುವಿನ ಮೆಟ್ಟಿಲು ಗಿಡ್ಡ. ತುಸು ಬಿಸಿ ತಾಗಿದರೆ ಮತ್ತೆ ಸಿಂಗ್ಲೆಟ್ಟಿಗೆ ಹತ್ತಿ ಆಮೇಲೆ ಕೆಂಪಗೆ ಹೊಳೆಯುತ್ತವೆ. ಹೀಗೆ ತಡವಾಗಿ ಬರುವ ಪ್ರತಿದೀಪ್ತಿ, ಅಂದರೆ ಈ ಹೊಳಪು, ಮೊದಲು ಬಂದದ್ದನ್ನೇ ಮೀರಿಸುತ್ತದೆ ಎಂದು 1996ರಲ್ಲಿ ಪೋರ್ಚುಗಲ್ಲಿನ ಬೆರ್ಬೆರಾನ್-ಸಾಂತೊಸ್ ಮತ್ತು ಗಾರ್ಸಿಯಾ ತೋರಿಸಿದರು. ಲೇಟಾಗಿ ಬಂದರೂ ಕೆಲಸ ಜಾಸ್ತಿ ಮಾಡುವವರ ಹಾಗೆ ಅಂದೆ. ಗೈಡ್ ನಗಲಿಲ್ಲ, ಗಡಿಯಾರ ನೋಡಿದರು.

ಈ ಸಂಸಾರಕ್ಕೆ ಶನಿ ಎಂದರೆ ಆಕ್ಸಿಜನ್. ಅದು ಹುಟ್ಟಾ ಟ್ರಿಪ್ಲೆಟ್. ಪಕ್ಕಕ್ಕೆ ಬಂದು ಸಿ-70ರ ಶಕ್ತಿಯನ್ನು ಎತ್ತಿಕೊಂಡು ಹೋಗುತ್ತದೆ, ತಡವಾಗಿ ಬರುವ ಬೆಳಕು ಸೊನ್ನೆ. ಅದಕ್ಕೇ ದ್ರಾವಣವನ್ನು ದ್ರವ ನೈಟ್ರೋಜನ್ನಿನಲ್ಲಿ ಹೆಪ್ಪುಗಟ್ಟಿಸಿ, ಪಂಪಿನಿಂದ ಗಾಳಿ ಎಳೆದು, ಕರಗಿಸಬೇಕು. ಕರಗುವಾಗ ತಳದಿಂದ ಸಾಸಿವೆಯಷ್ಟು ಗುಳ್ಳೆಗಳು ಏಳುತ್ತವೆ. ಗುಳ್ಳೆ ನಿಲ್ಲುವವರೆಗೂ ಇದನ್ನೇ ಮಾಡುತ್ತಿರಬೇಕು. ಮೂರನೇ ಸಲವೂ ಎರಡು ಗುಳ್ಳೆ ಎದ್ದವು. ನನಗೆ ಹಸಿವಾಗಿತ್ತು. ಎರಡೇ ತಾನೆ ಅಂತ ನಲ್ಲಿ ತಿರುಗಿಸಿ ಮುಚ್ಚಿದೆ.

ಎರಡು ಗುಳ್ಳೆ ಸಾಕಾಯಿತು. ಎಷ್ಟು ಬಿಸಿ ಮಾಡಿದರೂ ಬೆಳಕು ಅಳೆಯುವ ಯಂತ್ರದ ಪರದೆಯ ಮೇಲೆ ನೆಟ್ಟಗೆ ಮಲಗಿದ ಗೆರೆ. ಕೊನೆಗೆ ಅತಿನೇರಳೆ ಟಾರ್ಚ್ ಹಿಡಿದು ಬಾಟಲಿಗೆ ಕಣ್ಣಿಟ್ಟೆ. ಪಕ್ಕದಲ್ಲೇ ಝಗ್ಗನೆ ನೀಲಿ ಬೆಳಕು! ಕೂಗಿದ್ದು ಆಗಲೇ. ಸಿ-70 ನೀಲಿಯಾಗಿ ಯಾಕೆ ಹೊಳೆಯಬೇಕು ಅಂತ ಹೊಳೆದದ್ದು ಅರ್ಧ ನಿಮಿಷದ ಮೇಲೆ. ಬಿಳಿ ಅಂಗಿಯ ತೋಳು! ಬಟ್ಟೆ ಬೆಳ್ಳಗೆ ಕಾಣಲೆಂದು ಡಿಟರ್ಜೆಂಟಿಗೆ ಬೆರೆಸುವ ಹೊಳೆಯುವ ಪುಡಿಯೂ ಕಾರ್ಬನ್ ಇರುವ ಅಣುವೇ. ತಡ ಗಿಡ ಏನೂ ಇಲ್ಲ, ಟಾರ್ಚ್ ಆರಿಸಿದೊಡನೆ ಅದೂ ಆರಿತು.

ಮಾರನೆಯ ದಿನ ಕಪ್ಪು ಅಂಗಿ, ಆರು ಸಲ ಹೆಪ್ಪು. ಗೆರೆಗೆ ನಿಧಾನಕ್ಕೆ ಬಾಲ ಮೂಡಿತು. ಬಿಸಿ ಏರಿಸಿದಂತೆ ಬಾಲವೂ ದಪ್ಪವಾಯಿತು. ಉಸಿರು ಬಿಗಿಹಿಡಿದು ಕೂತಿದ್ದೆ. ಇದ್ದಕ್ಕಿದ್ದಂತೆ ಗೆರೆ ಜಿಗಿದು ಪರದೆಯ ನೆತ್ತಿಗೆ ಬಡಿಯಿತು. ತಿರುಗಿ ನೋಡಿದರೆ ಬಾಗಿಲಲ್ಲಿ ಗೆಳೆಯ, ಕೈ ಸ್ವಿಚ್ಚಿನ ಮೇಲೆ.

"ಕತ್ತಲಲ್ಲಿ ಒಬ್ಬನೇ ಯಾಕೋ ಕೂತಿದ್ದೀಯ?"