ಗುಂಟೆಗೆ ಎಷ್ಟಡ?

ಶಿರಸಿಯಲ್ಲಿ ದೇವಿಕೆರೆಯಿಂದ ನಾಲ್ಕು ಹೆಜ್ಜೆ ಹೋದರೆ ಒಂದು ಖಾಲಿ ಜಾಗ ಸಿಗುತ್ತದೆ. ಎರಡೂ ಬದಿಗೆ ಅಂಗಡಿ, ಮೇಲೆ ಮಾಳಿಗೆ, ಅದರ ಮೇಲೆ ಮತ್ತೊಂದು ಮಾಳಿಗೆ. ನಡುವೆ ಇದು ಮಾತ್ರ ಸುಮ್ನೆ ಬಿದ್ದುಕೊಂಡಿದೆ. ಹಿಂದೆ ಅಲ್ಲಿ ಹಂಚಿನ ಮನೆ ಇತ್ತು. ಈಗ ಉಳಿದದ್ದು ಚಿರೇಕಲ್ಲಿನ ಅರ್ಧ ಗೋಡೆ, ಒಂದು ಬಾವಿಕಟ್ಟೆ ಮತ್ತು ಒಂದು ಬೋರ್ಡು. ‘ವಾಣಿಜ್ಯ ಜಾಗ ಮಾರಾಟಕ್ಕಿದೆ. ದಲ್ಲಾಳಿಗಳು ಬೇಡ.’ ಕೆಳಗಿನ ಫೋನ್ ನಂಬರಿನ ಕೊನೆಯ ಅಂಕಿಯನ್ನು ಮಳೆ ತಿಂದಿದೆ. ಮೂರೋ ಎಂಟೋ ತಿಳಿಯುವುದಿಲ್ಲ.

ನಮ್ಮ ಹವ್ಯಕರ ಮಾತಿಗೆ ‘ಅಡ’ ಅಂತ ಒಂದು ಬಾಲ ಇದೆ. ಬೇರೆಯವರು ‘ಅಂತೆ’ ಅನ್ನುವಲ್ಲಿ ನಾವು ‘ಅಡ’ ಅನ್ನುತ್ತೇವೆ. ಈ ಜಾಗದ ವಿಷಯ ಪೂರ್ತಿ ನಿಂತಿರುವುದು ಆ ಬಾಲದ ಮೇಲೆ. ‘ಬೆಂಗಳೂರಿಂದ ಒಬ್ಬ ಬಂದು ನೋಡಿಕ್ಯಂಡು ಹೋದ್ನಡ.’ ‘ಅಣ್ಣ-ತಮ್ಮನ ಹಿಸ್ಸೆ ಆಜಿಲ್ಯಡ.’ ಯಾರೂ ಕಣ್ಣಾರೆ ಕಂಡಿಲ್ಲ. ಎಲ್ಲರಿಗೂ ಗೊತ್ತು.

ಹಿಸ್ಸೆ ಅಂದರೆ ಪಾಲು, ಉತಾರ ಅಂದರೆ ಪಹಣಿ, ಬಿನ್‌ಶೇತ್ಕಿ ಅಂದರೆ ಕೃಷಿಯೇತರ ಜಾಗ. ಜಾಗದ ಮಾತು ಬಂದರೆ ನಮ್ಮ ಬಾಯಲ್ಲಿ ಮುಂಬಯಿ ಹೊರಡುತ್ತದೆ. 1862ರಲ್ಲಿ ಮದರಾಸು ಪ್ರಾಂತದಿಂದ ಮುಂಬಯಿಗೆ ಹೋದ ಜಿಲ್ಲೆ ನಮ್ಮ ಉತ್ತರ ಕನ್ನಡ. 1956ರಲ್ಲಿ ಕನ್ನಡದವರ ಜತೆ ಸೇರಿತು. ಜನ ಈಚೆ ಬಂದರು, ಕಾಗದಪತ್ರದ ಮಾತುಗಳು ಬರಲಿಲ್ಲ.

ಅಳತೆ ಮಾತ್ರ ಗುಂಟೆಯದೇ. ಒಂದು ಗುಂಟೆ ಅಂದರೆ 1,089 ಚದರ ಅಡಿ. ಬಿಲ್ಡರ್ ಆದವನು ಅದರಲ್ಲಿ ಎಷ್ಟು ಮಳಿಗೆ ಅಂತ ನೋಡುತ್ತಾನೆ. ತೋಟದವನು ಎಷ್ಟು ಅಡಿಕೆ ಮರ ಅಂತ ನೋಡುತ್ತಾನೆ. ಒಂಬತ್ತು ಅಡಿಗೊಂದು ನೆಟ್ಟರೆ ಗುಂಟೆಗೆ ಹದಿಮೂರು ಮರ. ನಮ್ಮ ಭಾವನಂತೂ ಲಕ್ಷದ ಲೆಕ್ಕವನ್ನೇ ಮಾಡುವುದಿಲ್ಲ. ‘ಇಷ್ಟು ಕ್ವಿಂಟಲ್ ರಾಶಿ ಅಡಿಕೆ ಆತು’ ಅಂತಾನೆ. ರಾಶಿ ಅಂದರೆ ಬೇಯಿಸಿ ಒಣಗಿಸಿದ ಕೆಂಪಡಿಕೆ. ಅದರ ದರ ಏರಿದ ದಿನ ಜಾಗ ಅಗ್ಗವಾಗಿ ಕಾಣುತ್ತದೆ. ಇಳಿದ ದಿನ ‘ಮರುಳು ರೇಟು’ ಅಂತ ಉಗಿಯುತ್ತಾನೆ. ಅವನು ಕೊಳ್ಳುವವನೇನಲ್ಲ ಬಿಡಿ. ನಾನೂ ಅಲ್ಲ.

ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದಾಗ ಈ ಜಾಗಕ್ಕೆ ಜೀವ ಬರುತ್ತದೆ. ದೇವಿ ಬಿಡ್ಕಿಬೈಲಿನ ಗದ್ದುಗೆಯಲ್ಲಿ ಕೂತಳೆಂದರೆ ಪೇಟೆಯಲ್ಲಿ ಮೊಳ ನೆಲಕ್ಕೂ ಬಾಡಿಗೆ. ಕಳೆದ ಸಲ ಇಲ್ಲಿ ಬಳೆ ಅಂಗಡಿ ಕೂತಿತ್ತು. ಬಾವಿಕಟ್ಟೆಯ ಪಕ್ಕ ಮಿರ್ಚಿಯ ಬಾಣಲೆ. ಒಂಬತ್ತು ದಿನ ಕಳೆದ ಮೇಲೆ ಉಳಿದದ್ದು ಒಡೆದ ಬಳೆ ಚೂರು ಮತ್ತು ಎಣ್ಣೆ ಕಲೆ.

ಉಳಿದ ದಿನ ಅಲ್ಲಿ ಸ್ಕೂಟರ್ ನಿಲ್ಲುತ್ತವೆ. ದನ ಮಲಗುತ್ತವೆ. ಮಳೆಗಾಲದಲ್ಲಿ ಬಾವಿಕಟ್ಟೆಯ ತಂಪಿಗೆ ಒಂದೆಲಗ ಹಬ್ಬುತ್ತದೆ. ಯಾರೂ ನೋಡದಾಗ ಎರಡು ಮುಷ್ಟಿ ಕೊಯ್ದು ತಂದು ತಂಬುಳಿ ಮಾಡಿಸಿದ್ದೇನೆ. ಅಷ್ಟು ದುಬಾರಿ ನೆಲದ ಸೊಪ್ಪು ಅಂತ ಎರಡು ಸಲ ಬಡಿಸಿಕೊಂಡೆ.

ತಂಬುಳಿಯ ಋಣವೋ ಏನೋ, ಒಂದು ದಿನ ಫೋನ್ ಮಾಡಿಯೇ ಬಿಟ್ಟೆ. ಮೂರು ಹಾಕಿದರೆ ಯಲ್ಲಾಪುರದ ಯಾರೋ ಎತ್ತಿ ಬೈದರು. ಎಂಟು ಹಾಕಿದೆ. ವಯಸ್ಸಾದ ದನಿ.

‘ಜಾಗದ ರೇಟು ಎಷ್ಟು ಹೇಳ್ತ್ರಿ?’

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮೆಲ್ಲಗೆ, ‘ಪೇಟೇಲಿ ಎಷ್ಟು ಹೇಳ್ತ್ವಡ?’

ನನಗೆ ಏನು ಹೇಳಬೇಕೋ ತೋಚಲಿಲ್ಲ. 41 ಲಕ್ಷ ಅಂದುಬಿಟ್ಟೆ. ಬರೀ ನಲವತ್ತು ಅಂದರೆ ಸುಳ್ಳು ಅಂತ ಗೊತ್ತಾಗುತ್ತದೆ, ಅಲ್ವಾ? ಅವರು ‘ಹೌದಾ’ ಅಂದು ಫೋನ್ ಇಟ್ಟರು.

ನಾಲ್ಕನೇ ದಿನ ಚಾ ಅಂಗಡಿಯಲ್ಲಿ ಭಾವ ಬಗ್ಗಿ, ಗುಟ್ಟಿನ ದನಿಯಲ್ಲಿ ಹೇಳಿದ, ‘ಗೊತ್ತಾತಾ? ಯಾರೋ ಗುಂಟೆಗೆ ನಲವತ್ತೊಂದಕ್ಕೆ ಕೇಳಿದ್ನಡ. ಯಜಮಾನ ಕೊಡ್ತ್ನಿಲ್ಯಡ.’